ಕಮಿಟಿಗೆ ನಿಲ್ಲುವ ಆಸೆ: ಸೇವೆಯದ್ದೋ, ಹೆಸರಿನದ್ದೋ?

ತುಂಗಾತೀರ

ಎಲ್ಲರಿಗೂ ವಂದನೆಗಳು.

ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಕಮಿಟಿ ಚುನಾವಣೆ ಹತ್ತಿರ ಬಂದಿದೆ. ಖಜಾಂಚಿ ಜಾಗಕ್ಕೆ ನಿಂತುಕೋ ಎಂದು ಕೆಲವರು ಹೇಳುತ್ತಿದ್ದಾರೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಲೆಕ್ಕಪತ್ರ ಗೊತ್ತು. ಬಡ ಮಕ್ಕಳ ಫೀಸಿಗೆಂದು ಸಭೆಯಲ್ಲಿ ಒಂದು ನಿಧಿ ಇದೆ. ಜೂನ್ ತಿಂಗಳಲ್ಲಿ ಬೇಕಾದ ದುಡ್ಡು ಆಗಸ್ಟಿಗೆ ಕೈಸೇರುತ್ತದೆ. ಅದನ್ನು ಸರಿಮಾಡಬಹುದು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಅದರ ಜೊತೆಗೆ ಬೇರೆಯದೂ ಅನ್ನಿಸುತ್ತದೆ. ಬಿಷಪ್ ಬಂದಾಗ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವರಲ್ಲಿ ನಾನೂ ಇರುತ್ತೇನೆ. ಸುಗ್ಗಿ ಹಬ್ಬದ ಕರಪತ್ರದಲ್ಲಿ ಹೆಸರು ಬರುತ್ತದೆ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ವರದಿ ಓದುತ್ತೇನೆ, ನಮ್ಮ ಮಾವನವರು ಎದುರಿಗೆ ಕೂತಿರುತ್ತಾರೆ. ಫೀಸಿನ ನಿಧಿಯ ಯೋಚನೆ ಬರುವಾಗಲೇ ಇವೂ ಬರುತ್ತವೆ. ಯಾವುದು ಮೊದಲು ಬಂತು ಅಂತ ಹೇಳಲು ಆಗುವುದಿಲ್ಲ.

ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ ಎಲ್ಲರಿಗೂ ಗೊತ್ತು. ಸ್ವಾರ್ಥದಿಂದಲೋ ಒಣ ಹೆಮ್ಮೆಯಿಂದಲೋ ಯಾವುದನ್ನೂ ಮಾಡಬೇಡಿ ಎನ್ನುತ್ತಾನೆ ಅಪೊಸ್ತಲ ಪೌಲ. ಹಾಗಾದರೆ ಮನಸ್ಸು ಪೂರ್ತಿ ತಿಳಿಯಾಗುವವರೆಗೆ ನಾನು ಹಿಂದೆ ಉಳಿಯಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಕಾರ್ಯದರ್ಶಿ, ಧಾರವಾಡ

ತಮ್ಮಾ, ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಗೆದ್ದಮೇಲೆ ಕೇಳುವವರು ಕಡಿಮೆ.

ನಾನು ಕಮಿಟಿಯಲ್ಲಿ ಬಹಳ ಕಾಲ ಇದ್ದವನು. ಸೋತವರು ಮುಂದಿನ ಭಾನುವಾರದಿಂದ ಆರಾಧನೆಗೆ ಬರುವುದನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ಒಂದೇ ಮನೆತನದ ಎರಡು ಕುಟುಂಬಗಳು ಪ್ರತ್ಯೇಕ ಪ್ರಾರ್ಥನೆ ಕೂಟ ಮಾಡಿಕೊಂಡದ್ದನ್ನೂ ನೋಡಿದ್ದೇನೆ. ಹಾಗಾಗಿ ಯಾರಾದರೂ ನಿಲ್ಲುತ್ತೇನೆ ಎಂದರೆ ಒಂದೇ ಮಾತು ಕೇಳುತ್ತೇನೆ. ನೀನು ಸೋತು, ಗೆದ್ದವನು ಬಂದು "ಈ ಲೆಕ್ಕ ನನಗೆ ತಿಳಿಯುತ್ತಿಲ್ಲ, ಸ್ವಲ್ಪ ಹೇಳಿಕೊಡು" ಅಂದರೆ ಕೂತು ಹೇಳಿಕೊಡುತ್ತೀಯಾ? ಅದರಿಂದ ಅವನಿಗೇ ಒಳ್ಳೆ ಹೆಸರು ಬರುತ್ತದೆ ಅಂತ ಗೊತ್ತಿದ್ದರೂ? ಆಗುತ್ತದೆ ಅನ್ನಿಸಿದರೆ ನಿಲ್ಲು. ಆಗುವುದಿಲ್ಲ ಅನ್ನಿಸಿದರೆ ಈ ಸಲ ಬಿಡು.

ಬಾರೂಕನ ಕಥೆ ಓದು. ಯೆರೆಮೀಯನ ಪುಸ್ತಕದ 36ನೇ ಅಧ್ಯಾಯ. ಪ್ರವಾದಿ ಬಾಯಲ್ಲಿ ಹೇಳಿದ್ದನ್ನೆಲ್ಲ ಸುರುಳಿಯಲ್ಲಿ ಬರೆದವನು ಬಾರೂಕ. ಅರಸ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ಅದನ್ನು ಓದಿಸಿದ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಿದ. ಪೂರ್ತಿ ಸುರುಳಿ ಸುಟ್ಟುಹೋಯಿತು. ಬಾರೂಕ ಮತ್ತೆ ಮೊದಲಿನಿಂದ ಬರೆದ. ಆಮೇಲೆ 45ನೇ ಅಧ್ಯಾಯಕ್ಕೆ ಹೋಗು. ಐದೇ ವಚನ, ಅಷ್ಟೂ ಅವನೊಬ್ಬನಿಗಾಗಿ. ನೀನು ನಿನಗಾಗಿ ದೊಡ್ಡದನ್ನು ಹುಡುಕುತ್ತೀಯಾ, ಹುಡುಕಬೇಡ ಎನ್ನುತ್ತಾನೆ ದೇವರು. ಬೈದು ಓಡಿಸುವುದಿಲ್ಲ. ಎಲ್ಲಿ ಹೋದರೂ ನಿನ್ನ ಪ್ರಾಣ ಉಳಿಸುತ್ತೇನೆ ಎಂದೂ ಹೇಳುತ್ತಾನೆ. ಬಾರೂಕ ಬರೆಯುವುದನ್ನು ನಿಲ್ಲಿಸಬೇಕು ಅಂತ ಎಲ್ಲೂ ಹೇಳಿಲ್ಲ ನೋಡು.

ಚಿಕ್ಕಪೇಟೆ

ನನಗೆ ಈ ಚರ್ಚೆಯ ದಾರಿಯೇ ಒಪ್ಪಿಗೆ ಇಲ್ಲ. ಆಸೆ ಬಂದ ಕೂಡಲೇ ಅದನ್ನು ಪಾಪದ ಪಟ್ಟಿಗೆ ಸೇರಿಸುವುದು ನಮ್ಮ ಸಭೆಗಳ ಹಳೇ ಅಭ್ಯಾಸ. ಸಭೆಯ ಮೇಲ್ವಿಚಾರಣೆಗೆ ಆಸೆಪಡುವವನು ಒಳ್ಳೇ ಕೆಲಸಕ್ಕೇ ಆಸೆಪಡುತ್ತಾನೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೇ ಇದೆ, 3:1. ಪೌಲನಿಗೂ ಮಹದಾಸೆ ಇತ್ತು. ಬೇರೆಯವರು ಅಸ್ತಿವಾರ ಹಾಕಿದ ಕಡೆ ಕಟ್ಟುವುದಿಲ್ಲ, ಕ್ರಿಸ್ತನ ಹೆಸರನ್ನೇ ಕೇಳದ ಕಡೆ ಹೋಗಿ ಸಾರುತ್ತೇನೆ ಎಂದು ರೋಮಾಪುರದವರಿಗೆ ಬರೆದ. ಸ್ಪೇನಿಗೆ ಹೋಗುವ ಯೋಜನೆಯೂ ಅಲ್ಲೇ ಇದೆ.

ನಾನು ವ್ಯಾಪಾರಸ್ಥ. ಆಸೆ ಇಲ್ಲದವರನ್ನು ಕಮಿಟಿಗೆ ಹಾಕಿದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಮೀಟಿಂಗಿಗೆ ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ, ಛಾವಣಿ ಸೋರುತ್ತಲೇ ಇರುತ್ತದೆ. ಶಿಷ್ಯರಲ್ಲಿ ಇಬ್ಬರು, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು, ತನ್ನ ಎಡಬಲದ ಆಸನ ಕೇಳಿದಾಗ ಯೇಸು "ದೊಡ್ಡವರಾಗಬೇಡಿ" ಅಂದನಾ? ಇಲ್ಲ. ದೊಡ್ಡವನಾಗಬೇಕು ಅನ್ನುವವನು ಸೇವಕನಾಗಲಿ ಎಂದ. ದಾರಿ ತೋರಿಸಿದ. ತುಂಗಾತೀರ ಬ್ರದರ್, ಸುಮ್ನೆ ನಿಲ್ಲಿ.

ಸಭಾಪಾಲಕ

ಚಿಕ್ಕಪೇಟೆಯವರ ಮಾತಿನಲ್ಲಿ ಅರ್ಧ ನನಗೆ ಪೂರ್ತಿ ಒಪ್ಪಿಗೆ. ಇನ್ನರ್ಧಕ್ಕೆ ಮಾರ್ಕ 10ನೇ ಅಧ್ಯಾಯವನ್ನು ಸ್ವಲ್ಪ ಹಿಂದಿನಿಂದ ಓದೋಣ.

ಯೆರೂಸಲೇಮಿಗೆ ಹೋಗುವ ದಾರಿ. ತನ್ನನ್ನು ಹಿಡಿದುಕೊಡುತ್ತಾರೆ, ಉಗುಳುತ್ತಾರೆ, ಕೊರಡೆಯಿಂದ ಹೊಡೆದು ಕೊಲ್ಲುತ್ತಾರೆ ಎಂದು ಯೇಸು ಮೂರನೇ ಸಲ ಹೇಳಿ ಮುಗಿಸಿದ್ದಾನೆ. ಮುಂದಿನ ವಚನದಲ್ಲೇ ಯಾಕೋಬ ಯೋಹಾನರು ಬಂದು ಆಸನ ಕೇಳುತ್ತಾರೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬರುತ್ತದೆ. ಏಕೆ ಬಂತು? ಅವರಿಗೂ ಅದೇ ಬೇಕಿತ್ತು. ಒಂದು ಅಧ್ಯಾಯ ಹಿಂದೆ, ಕಪೆರ್ನೌಮಿನ ದಾರಿಯಲ್ಲಿ, ನಮ್ಮಲ್ಲಿ ಯಾರು ದೊಡ್ಡವನು ಎಂದು ಎಲ್ಲರೂ ಸೇರಿಯೇ ಜಗಳಾಡಿದ್ದರು. ಮನೆಗೆ ಬಂದು ಏನು ಮಾತಾಡುತ್ತಿದ್ದಿರಿ ಎಂದು ಯೇಸು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ.

ಲೂಕ 22ಕ್ಕೆ ಬಂದರೆ ಇನ್ನೂ ಕಷ್ಟ. ಕಡೇ ರಾತ್ರಿಯ ಊಟ. ರೊಟ್ಟಿ ಮುರಿದಾಗಿದೆ, ಪಾತ್ರೆ ಕೊಟ್ಟಾಗಿದೆ. ಅದೇ ಮೇಜಿನಲ್ಲಿ ಮತ್ತೆ ಅದೇ ಜಗಳ. ಅಷ್ಟು ಕಾಲ ಜೊತೆಯಲ್ಲೇ ತಿರುಗಿದರೂ ಅದು ಹೋಗಿರಲಿಲ್ಲ.

ಹಾಗಾಗಿ ತುಂಗಾತೀರ ಅವರೇ, ಮನಸ್ಸು ತಿಳಿಯಾದ ಮೇಲೆ ಸೇವೆಗೆ ಬರುತ್ತೇನೆ ಎನ್ನುವ ನಿಯಮ ಇಟ್ಟರೆ ಹನ್ನೆರಡು ಜನರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಯೇಸು ಅವರನ್ನು ಮನೆಗೆ ಕಳಿಸಲಿಲ್ಲ. ಹಾಗೆಂದು ಇರಲಿ ಬಿಡಿ ಎಂದೂ ಹೇಳಲಿಲ್ಲ. ಮೇಲಂಗಿ ತೆಗೆದಿಟ್ಟ, ನಡುವಿಗೆ ಟವೆಲ್ ಸುತ್ತಿಕೊಂಡ, ಬೋಗುಣಿಗೆ ನೀರು ಹಾಕಿದ, ಒಬ್ಬೊಬ್ಬರ ಕಾಲು ತೊಳೆದ. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ತೊಳೆದ.

ಚಿಕ್ಕಪೇಟೆಯವರಿಗೆ ಒಂದು ಮಾತು. "ಸೇವಕನಾಗಲಿ" ಎಂದದ್ದನ್ನು ಮೇಲೇರುವ ಉಪಾಯವಾಗಿ ಓದಬೇಡಿ. ಮೊದಲು ಸ್ವಲ್ಪ ಸೇವೆ, ಆಮೇಲೆ ಕುರ್ಚಿ ಎಂದು ಲೆಕ್ಕ ಹಾಕುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಚುನಾವಣೆಯ ವರ್ಷ ಆಸ್ಪತ್ರೆ ಭೇಟಿ ಜಾಸ್ತಿಯಾಗುತ್ತದೆ. ಯಾಕೋಬನಿಗೆ ಕಡೆಗೆ ಸಿಕ್ಕಿದ್ದು ಹೆರೋದನ ಕತ್ತಿ, ಅಪೊಸ್ತಲರ ಕೃತ್ಯಗಳು 12:2. ನಾನು ಕುಡಿಯುವ ಪಾತ್ರೆಯಲ್ಲಿ ಕುಡಿಯಲು ನಿಮ್ಮಿಂದಾಗುತ್ತದೋ ಎಂದು ಯೇಸು ಕೇಳಿದಾಗ "ಆಗುತ್ತದೆ" ಎಂದಿದ್ದ. ಅವನು ಅಷ್ಟು ಹೊತ್ತಿಗೆ ಅದನ್ನು ಕುಡಿಯಬಲ್ಲವನಾಗಿದ್ದ.

ಹಂಡೆ ಪಾತ್ರೆ

ಅಯ್ಯಗಳೇ, ವಂದನೆಗಳು. ಒಂದು ಮಾತು ಹೇಳಲೇಬೇಕು. ತಪ್ಪಿದ್ದರೆ ತಿದ್ದಿ.

ಈ ದೀನತೆಯ ಪ್ರಸಂಗ ನಮ್ಮಲ್ಲಿ ಯಾರಿಗೆ ಹೇಳುತ್ತಾರೆ? ಸ್ತ್ರೀಯರ ಕೂಟದಲ್ಲಿ ಹೇಳುತ್ತಾರೆ. ಕಸ ಗುಡಿಸುವ, ಗಂಟೆ ಹೊಡೆಯುವ ಅಣ್ಣ ಸಂಬಳ ಜಾಸ್ತಿ ಕೇಳಿದಾಗ ಹೇಳುತ್ತಾರೆ. ಊರಾಚೆಯ ಕಾಲೊನಿಯಿಂದ ಬರುವ ಕುಟುಂಬದವರು ನಮ್ಮವರೂ ಒಬ್ಬರು ಕಮಿಟಿಯಲ್ಲಿರಲಿ ಎಂದಾಗ "ಪದವಿಗೆ ಆಸೆಪಡಬಾರದು" ಎನ್ನುತ್ತಾರೆ. ಪ್ರತಿ ಸಲವೂ ಕಮಿಟಿಯಲ್ಲಿ ಕೂತಿರುವವರಿಗೆ ಅದೇ ಮಾತನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಸುಗ್ಗಿ ಹಬ್ಬದ ದಿನ ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ ಸಾವಿರ, ಎರಡು ಸಾವಿರ ಎಂದು ಕೂಗುತ್ತಾರೆ. ಮೈಕಿನಲ್ಲಿ ಹೆಸರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ನಾವು ಹಿಂದುಗಡೆ ಹೊಗೆಯಲ್ಲಿ ಅನ್ನ ಬಸಿಯುತ್ತಿರುತ್ತೇವೆ. ಊಟ ಮುಗಿದ ಮೇಲೆ ತಳ ಹಿಡಿದ ಹಂಡೆ ಉಜ್ಜುವವರೂ ನಾವೇ. ಕೈಗೆ ಬೂದಿ ಹತ್ತಿದರೆ ಎರಡು ದಿನ ಉಗುರಿನಿಂದ ಹೋಗುವುದಿಲ್ಲ. ಅದಕ್ಕೆ ಬೇಸರ ಇಲ್ಲ. ನನಗೆ ಆ ಕೆಲಸ ಇಷ್ಟ. ಆದರೆ ಅಯ್ಯಗಳು ಹೇಳಿದ ಲೂಕ 22ರಲ್ಲೇ ಮುಂದೆ ಯೇಸು ಏನು ಹೇಳುತ್ತಾನೆ? ನಾನು ನಿಮ್ಮ ನಡುವೆ ಬಡಿಸುವವನ ಹಾಗಿದ್ದೇನೆ ಅನ್ನುತ್ತಾನೆ. ಬಡಿಸುವುದು ಆತನ ಕೆಲಸ ಆಗಿದ್ದರೆ ನಮ್ಮಲ್ಲಿ ಅದು ಹೆಂಗಸರಿಗೆ ಮಾತ್ರ ಹೇಗಾಯಿತು?

ಸಭಾಪಾಲಕ

ಸಿಸ್ಟರ್, ತಿದ್ದಲು ಏನೂ ಇಲ್ಲ. ನೀವು ಹೇಳಿದ್ದು ಸರಿ.

ಫಿಲಿಪ್ಪಿ 2ರಲ್ಲಿ ಪೌಲ ಉದಾಹರಣೆಗೆ ಯಾರನ್ನು ತೋರಿಸುತ್ತಾನೆ ನೋಡಿ. ದೇವರಿಗೆ ಸಮಾನನಾಗಿದ್ದು ಅದನ್ನು ಬಿಟ್ಟುಕೊಟ್ಟು ಕೆಳಗೆ ಬಂದವನನ್ನು. ಯೋಹಾನ 13ರಲ್ಲೂ ಹಾಗೆಯೇ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಎಂದು ತಿಳಿದು ಯೇಸು ಊಟದಿಂದ ಎದ್ದ ಎಂದು ಬರೆದಿದೆ. ಕೈಯಲ್ಲಿ ಏನಾದರೂ ಇರುವವನಿಗೆ ಹೇಳಿದ ಮಾತು ಇದು. ಕೈ ಬರಿದಾದವರ ಬಾಯಿ ಮುಚ್ಚಿಸಲು ಬಳಸಿದರೆ ಅದು ಸುವಾರ್ತೆ ಅಲ್ಲ.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ನಮ್ಮ ಕಮಿಟಿಗಳು ಪ್ರತಿ ವರ್ಷ ಓದಬೇಕು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕಡಿಮೆ ಮಾಡುತ್ತಿದ್ದಾರೆ ಎಂದು ದೂರು ಬಂತು. ತಾಳ್ಮೆ ಇರಲಿ, ದೀನರಾಗಿರಿ ಎಂದು ಆ ವಿಧವೆಯರಿಗೆ ಯಾರೂ ಬೋಧನೆ ಮಾಡಲಿಲ್ಲ. ಸಭೆ ಕರೆದರು, ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ಏಳಕ್ಕೆ ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟಹಾಗೆ ಕಾಣುತ್ತದೆ. ತುಂಗಾತೀರ ಅವರೇ, ನಿಮ್ಮ ಫೀಸಿನ ನಿಧಿಯ ವಿಷಯಕ್ಕೆ ಇದು ನೇರವಾಗಿ ಬರುತ್ತದೆ.

ಕಲಬುರಗಿ ಓದುಗಿ

ಹಂಡೆ ಪಾತ್ರೆ ಅಕ್ಕನ ಮಾತು ಓದಿದ ಕೂಡಲೇ ನನಗೆ ಪಂಡಿತಾ ರಮಾಬಾಯಿ ನೆನಪಾದರು. ದೀನತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದುಕೊಂಡವರು ಅವರ ಜೀವನ ಓದಬೇಕು.

1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದರು. ಊರಿನವರ ವಿರೋಧ ಕಟ್ಟಿಕೊಂಡೇ ಕಲಿಸಿದರು. ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡ ಮೇಲೆ ಅಣ್ಣನ ಜೊತೆ ದೇಶ ಸುತ್ತಿದರು. 1878ರಲ್ಲಿ ಕಲ್ಕತ್ತದ ವಿದ್ವಾಂಸರು ಪರೀಕ್ಷಿಸಿ "ಪಂಡಿತಾ", "ಸರಸ್ವತಿ" ಎಂಬ ಬಿರುದು ಕೊಟ್ಟರು. ಆಗ ಅವರಿಗೆ ಇಪ್ಪತ್ತು ವರ್ಷ. ಹೆಸರು ಬೇಕು ಅನ್ನುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಆಮೇಲೆ ಅಲ್ಲಿಯ ಕನ್ಯಾಮಠದವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರಾ? ಇಲ್ಲ. ತನ್ನ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರಗಳಲ್ಲಿ ವಾದ ಮಾಡುತ್ತಲೇ ಇದ್ದರು. ಇಲ್ಲಿಯ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿಕೊಂಡಿದ್ದೇನೆ, ಅಂಥದೇ ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಅನ್ನುವ ಅರ್ಥದಲ್ಲಿ ಬರೆದರು. ಗುರುಗಳ ಮುಂದೆ ಇಷ್ಟು ನೇರವಾಗಿ ಮಾತಾಡಿದ ಇದೇ ಹೆಣ್ಣುಮಗಳು 1896ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಅನಾಥ ಹುಡುಗಿಯರನ್ನು, ಬಾಲವಿಧವೆಯರನ್ನು ಕರೆದುಕೊಂಡು ಬಂದರು. ಹಸಿವಿನಿಂದ ಒಣಗಿದ್ದವರು, ರೋಗ ಹತ್ತಿದವರು. ಪುಣೆ ಹತ್ತಿರದ ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ ಅವರನ್ನು ಸಾಕಿ, ಓದಿಸಿ, ಕೆಲಸ ಕಲಿಸಿದರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅವರ ಬೈಬಲ್ ಕೆಲಸ. ಹೀಬ್ರೂ, ಗ್ರೀಕ್ ಕಲಿತು ಪೂರ್ತಿ ಬೈಬಲನ್ನು ಮರಾಠಿಗೆ ತಂದರು. ಅಷ್ಟು ಸಂಸ್ಕೃತ ಗೊತ್ತಿದ್ದವರು, ಪಾಂಡಿತ್ಯ ತೋರಿಸಬಹುದಿತ್ತು. ಹಳ್ಳಿಯ ಹೆಂಗಸರಿಗೆ ತಿಳಿಯುವ ಸುಲಭ ಮರಾಠಿಯಲ್ಲಿ ಬರೆದರು. ಅಕ್ಷರ ಜೋಡಿಸಿ ಅಚ್ಚು ಹಾಕಿದವರೂ ಮುಕ್ತಿಯ ಹೆಂಗಸರೇ. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡರು. ಕಡೇ ದಿನಗಳವರೆಗೂ ಅನುವಾದ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು.

ನಮ್ಮ ಊರಿಗೂ ಅವರ ಋಣ ಇದೆ. 1912ರಲ್ಲಿ ಆಗಿನ ಗುಲ್ಬರ್ಗದಲ್ಲಿ ಕ್ರಿಶ್ಚಿಯನ್ ಹೈಸ್ಕೂಲ್ ಶುರುವಾಯಿತು. ಮನೋರಮಾ ಅದರ ಪ್ರಿನ್ಸಿಪಾಲರಾಗಿದ್ದರು. 

ಕ್ವಾಯರ್ ಹುಡುಗ

ನನ್ನದೂ ಇದೇ ಥರದ ಪ್ರಶ್ನೆ, ಇಲ್ಲೇ ಕೇಳಬಹುದಾ?

ನಾನು ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಈಗ ಎಲ್ಲ ಆರಾಧನೆಯೂ ಯೂಟ್ಯೂಬಿನಲ್ಲಿ ಲೈವ್. ಮಧ್ಯಾಹ್ನ ಊಟ ಆದಮೇಲೆ ಎಲ್ಲರೂ ವಿಡಿಯೊ ನೋಡುತ್ತಾರೆ. ಕ್ಯಾಮೆರಾ ಯಾರ ಮೇಲೆ ಎಷ್ಟು ಹೊತ್ತು ಇತ್ತು, ಕಮೆಂಟಿನಲ್ಲಿ ಯಾರ ಹೆಸರು ಬಂತು ಅಂತ ಟೀಮಿನ ಒಳಗೇ ಮಾತು. ಸೋಲೊ ಯಾರಿಗೆ ಅನ್ನುವುದಕ್ಕೆ ಮುನಿಸು. ಒಬ್ಬ ಅಂಕಲ್ "ನಿನ್ನಲ್ಲಿ ಹೆಮ್ಮೆ ಬರುತ್ತಿದೆ, ಒಂದು ವರ್ಷ ನುಡಿಸುವುದು ಬಿಡು" ಎಂದರು. ದೇವರು ಕೊಟ್ಟ ವರವನ್ನು ಮೂಲೆಯಲ್ಲಿಡುವುದು ಸರಿಯಾ?

ಕಂಕನಾಡಿ

ನಾನು ಕ್ಯಾಥೊಲಿಕ್, ಮಂಗಳೂರಿನವನು. ಹಂಡೆ ಪಾತ್ರೆ ಬಾಯಿಯವರಿಗೂ ಈ ತಮ್ಮನಿಗೂ ಒಟ್ಟಿಗೇ ಉತ್ತರ ಕೊಡುತ್ತೇನೆ. ನಮ್ಮಲ್ಲಿ ಸಂತ ಬೆನೆಡಿಕ್ಟರ ನಿಯಮ ಅಂತ ಇದೆ. 6ನೇ ಶತಮಾನದಲ್ಲಿ ಇಟಲಿಯಲ್ಲಿ ಸನ್ಯಾಸಿಗಳ ಮಠಕ್ಕೆಂದು ಬರೆದದ್ದು. ಅದರಲ್ಲಿ ದೀನತೆಗೆ ಒಂದು ಉದ್ದದ ಅಧ್ಯಾಯ ಇದೆ, ಹನ್ನೆರಡು ಮೆಟ್ಟಿಲು. ನನಗೆ ಅದಕ್ಕಿಂತ ಇಷ್ಟ 35ನೇ ಅಧ್ಯಾಯ. ಅದು ಅಡುಗೆಮನೆಯ ಪಾಳಿಯದ್ದು.

ಪ್ರತಿಯೊಬ್ಬರೂ ವಾರದ ಸರದಿಯಲ್ಲಿ ಅಡುಗೆಮನೆಯಲ್ಲಿ ದುಡಿಯಬೇಕು. ಕಾಯಿಲೆ ಇದ್ದವರಿಗೆ, ಮಠದ ಮುಖ್ಯ ಕೆಲಸದಲ್ಲಿ ಸಿಕ್ಕಿಕೊಂಡವರಿಗೆ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಕೈಲಾಗದವರಿಗೆ ಸಹಾಯಕ್ಕೆ ಜನ ಕೊಡಬೇಕು, ಬೇಸರದಿಂದ ಮಾಡುವ ಹಾಗೆ ಆಗಬಾರದು. ಶನಿವಾರ ಪಾಳಿ ಮುಗಿಸುವವನು ಎಲ್ಲವನ್ನೂ ತೊಳೆದಿಡಬೇಕು. ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನೂ ಒಗೆಯಬೇಕು. ಆಮೇಲೆ ಅವನೂ ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ಎಣಿಸಿ ಒಪ್ಪಿಸಬೇಕು. ಮಠದ ಸಾಮಾನುಗಳನ್ನು ಪೂಜೆಯ ಪವಿತ್ರ ಪಾತ್ರೆಗಳ ಹಾಗೆ ನೋಡಿಕೊಳ್ಳಿ ಎಂದು ಇನ್ನೊಂದು ಕಡೆ ಇದೆ. ಬಾಯಿ, ನಿಮ್ಮ ಹಂಡೆಗೂ ಅದೇ ಮರ್ಯಾದೆ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಪಾಳಿ. ದೀನತೆ ಮನಸ್ಸಿನಲ್ಲಿ ಹುಟ್ಟಲಿ ಎಂದು ಬೆನೆಡಿಕ್ಟರು ಕಾಯಲಿಲ್ಲ. ಹೆಸರು ಬರೆದು ಸರದಿ ಹಾಕಿದರು.

ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯಾರನ್ನು ಕೂರಿಸಬೇಕು ಎಂಬುದಕ್ಕೂ ಮನಸ್ತಾಪ ಆಗಿದ್ದುಂಟು, ಅದು ಬೇಜಾರಿನ ವಿಷಯ. 2013ರಲ್ಲಿ ಪೋಪ್ ಫ್ರಾನ್ಸಿಸ್ ದೊಡ್ಡ ಬೆಸಿಲಿಕ ಬಿಟ್ಟು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿಯ ಹುಡುಗ ಹುಡುಗಿಯರ ಕಾಲು ತೊಳೆದರು. 2016ರಲ್ಲಿ ನಿಯಮವನ್ನೇ ಬದಲಿಸಿ ಹೆಂಗಸರನ್ನೂ ಸೇರಿಸಬಹುದು ಎಂದರು. ಆಮೇಲೆ ನಮ್ಮ ವಾರ್ಡಿನ ಒಬ್ಬ ಅಜ್ಜಿ ಮುಂದೆ ಬಂದು ಕೂತರು. ಬಿರುಕು ಬಿಟ್ಟ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರು. ಫಾದರ್ ಹಿಮ್ಮಡಿ ಹಿಡಿದು ನಿಧಾನವಾಗಿ ಹೊರಗೆ ತಂದರು.

ಈಗ ಕೀಬೋರ್ಡ್ ತಮ್ಮ. ಬೆನೆಡಿಕ್ಟರ 57ನೇ ಅಧ್ಯಾಯ ಕುಶಲಕರ್ಮಿಗಳದ್ದು. ನನ್ನ ಕೈಕೆಲಸದಿಂದಲೇ ಮಠಕ್ಕೆ ಲಾಭ ಎಂದು ಯಾರಾದರೂ ಬೀಗಿದರೆ ಅವನನ್ನು ಆ ಕೆಲಸದಿಂದ ತೆಗೆಯಬೇಕು ಎಂದು ಖಡಾಖಂಡಿತ ಬರೆದಿದೆ. ನಿಮ್ಮ ಅಂಕಲ್ ಹೇಳಿದ್ದಕ್ಕೆ ಆಧಾರ ಇಲ್ಲದಿಲ್ಲ. ಆದರೆ ಹಾಗೆ ತೆಗೆಯುವವರು ಮಠದ ಗುರುಗಳು, ಅವನ ಜೊತೆಯಲ್ಲೇ ದಿನವೂ ಬಾಳುವವರು. ಅವನು ದೀನನಾದ ಮೇಲೆ ಮತ್ತೆ ಕೆಲಸ ಕೊಡಬಹುದು ಎಂದೂ ಅಲ್ಲೇ ಇದೆ.

ಸಭಾಪಾಲಕ

ಕೀಬೋರ್ಡ್ ಬಿಡಬೇಡ ಮಗನೇ. ಸಂಡೇ ಸ್ಕೂಲಿನ ಇಬ್ಬರು ಮಕ್ಕಳಿಗೆ ನುಡಿಸಲು ಕಲಿಸು. ಅವರು ನಿನ್ನಷ್ಟೇ ಚೆನ್ನಾಗಿ ನುಡಿಸುವ ಹೊತ್ತಿಗೆ ನಿನ್ನ ಪ್ರಶ್ನೆಗೆ ಉತ್ತರ ನಿನಗೇ ಸಿಗುತ್ತದೆ. ಬಾರ್ನಬ ಹಾಗೆ ಮಾಡಿದ. ಯಾರೂ ನಂಬದ ಸೌಲನನ್ನು, ಮುಂದೆ ಪೌಲ ಎನಿಸಿಕೊಂಡವನನ್ನು, ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಅವನೇ. ಅಂತಿಯೋಕ್ಯದ ಕೆಲಸ ದೊಡ್ಡದಾದಾಗ ತಾರ್ಸದವರೆಗೆ ಹುಡುಕಿಕೊಂಡು ಹೋಗಿ ಕರೆತಂದ. ಮೊದಲು ಎಲ್ಲ ಕಡೆ "ಬಾರ್ನಬ ಮತ್ತು ಸೌಲ" ಅಂತ ಇರುತ್ತದೆ. ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದ ನಡುವೆ "ಪೌಲ ಮತ್ತು ಬಾರ್ನಬ" ಆಗುತ್ತದೆ. ಬಾರ್ನಬ ಅದಕ್ಕೆ ಮುನಿಸಿಕೊಂಡ ಎಂದು ಲೂಕ ಎಲ್ಲೂ ಬರೆದಿಲ್ಲ. ಮುಂದೆ ಅವರಿಬ್ಬರೂ ಬೇರೆಯಾದದ್ದು ನಿಜ. ಆ ಜಗಳವೂ ಬಾರ್ನಬ ತನಗಾಗಿ ಆಡಿದ್ದಲ್ಲ, ಮಾರ್ಕನೆಂಬ ಹುಡುಗನಿಗೆ ಇನ್ನೊಂದು ಅವಕಾಶ ಕೊಡಿಸಲು ಆಡಿದ್ದು.

ಲೈವ್ ವಿಡಿಯೊ ಬಗ್ಗೆ ನಿಮ್ಮ ಪಾಸ್ಟರ್ ಜೊತೆ ಮಾತಾಡು. ಕ್ಯಾಮೆರಾ ಹಾಡುವವರ ಮುಖದ ಮೇಲೆ ಯಾಕಿರಬೇಕು? ಹಾಡಿನ ಸಾಲುಗಳನ್ನು ತೋರಿಸಿದರೆ ಮನೆಯಲ್ಲಿರುವ ಮುದುಕರೂ ಜೊತೆಗೆ ಹಾಡಬಹುದು.

ನೈಟ್ ಡ್ಯೂಟಿ

ನಾನು ನರ್ಸ್. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಓದಿದವಳು, ಈಗ ಹಾಸನದ ಕಡೆ ಕೆಲಸ. ಇಲ್ಲಿ ಮಾರ್ಕ 10 ಬಂದದ್ದು ನೋಡಿ ಬರೆಯುತ್ತಿದ್ದೇನೆ. ಅದೇ ಅಧ್ಯಾಯದ 45ನೇ ವಚನ ನಮ್ಮ ಕಾಲೇಜಿನ ಧ್ಯೇಯವಾಕ್ಯ, ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಮಾಡುವುದಕ್ಕೆ ಎಂದು. ಆ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಮಿಷನರಿ ಮನೆಯಲ್ಲೇ ಹುಟ್ಟಿದರೂ ತಾನು ಮಿಷನರಿ ಆಗುವುದಿಲ್ಲ, ಅಮೆರಿಕದಲ್ಲೇ ಆರಾಮಾಗಿ ಇರುತ್ತೇನೆ ಅಂದುಕೊಂಡಿದ್ದವರು. ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಗಳಿಂದ ಗಂಡಸರು ಬಂದು ಹೆಂಡತಿಯ ಹೆರಿಗೆಗೆ ಕರೆದರು. ಗಂಡು ಡಾಕ್ಟರ್ ಆದ ಅಪ್ಪನನ್ನು ಒಳಗೆ ಬಿಡಲು ಅವರಿಗೆ ಆಗಲಿಲ್ಲ. ಮೂವರು ಹೆಂಗಸರೂ ಸತ್ತರು. ಐಡಾ ಹೋಗಿ ಡಾಕ್ಟರಿಕೆ ಓದಿ ಬಂದು 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆ ತೆರೆದರು. 1918ರಲ್ಲಿ ಹೆಂಗಸರಿಗಾಗಿ ಮೆಡಿಕಲ್ ಸ್ಕೂಲ್ ಶುರುಮಾಡಿದರು. ತನ್ನ ಕೈಲಿದ್ದ ವಿದ್ಯೆಯನ್ನು ಬೇರೆ ಹೆಂಗಸರ ಕೈಗೆ ದಾಟಿಸಿದರು.

ಕಾಲು ತೊಳೆಯುವ ಮಾತು ಬಂತಲ್ಲ. ಕುಷ್ಠರೋಗ ಇದ್ದವರಿಗೆ ಕಾಲಿನಲ್ಲಿ ಸ್ಪರ್ಶ ಹೋಗಿರುತ್ತದೆ. ಮುಳ್ಳು ಚುಚ್ಚಿದರೂ, ಚಪ್ಪಲಿಯ ಮೊಳೆ ಒತ್ತಿದರೂ ತಿಳಿಯುವುದಿಲ್ಲ. ಗಾಯ ಆಳಕ್ಕೆ ಇಳಿದು ಮೂಳೆ ಮುಟ್ಟುತ್ತದೆ. ಅದಕ್ಕೆ ಔಷಧಿಯಷ್ಟೇ ಮುಖ್ಯವಾದದ್ದು ದಿನದ ಆರೈಕೆ. ಕಾಲನ್ನು ತಣ್ಣೀರಿನಲ್ಲಿ ಸುಮಾರು 20 ನಿಮಿಷ ನೆನೆಸಬೇಕು. ಗಾಯದ ಅಂಚಿನಲ್ಲಿ ಕಟ್ಟಿರುವ ದಪ್ಪ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು. ಬೆರಳಿನ ಸಂದಿಯಲ್ಲಿ ಕಲ್ಲು, ಮಣ್ಣು ಇದೆಯಾ ನೋಡಬೇಕು. ಒದ್ದೆ ಇರುವಾಗಲೇ ಎಣ್ಣೆ ಹಚ್ಚಿ ನೀರಿನಂಶ ಒಳಗೇ ಉಳಿಯುವ ಹಾಗೆ ಮಾಡಬೇಕು. ವಾಸನೆ ಇರುತ್ತದೆ. ಅವರು ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ, ನಮಗೆ ಅಸಹ್ಯ ಆಗುತ್ತದೇನೋ ಎಂದು. ಆಗ ನಾವು ಕೆಳಗೆ ನೋಡುತ್ತಾ ಸುಮ್ಮನೆ ಅವರ ಮಕ್ಕಳ ವಿಷಯ ಕೇಳಬೇಕು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆ ಕೆಲಸ ಮಾಡುವಾಗ ನನ್ನ ಉದ್ದೇಶ ಶುದ್ಧವಾಗಿದೆಯಾ ಎಂದು ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಗಮನವೆಲ್ಲ ಆ ಕಾಲಿನ ಮೇಲೆ ಇರಬೇಕು, ಇಲ್ಲದಿದ್ದರೆ ಕೈ ತಪ್ಪುತ್ತದೆ. ತುಂಗಾತೀರ ಅಣ್ಣಾ, ನೀವು ನಿಮ್ಮ ಮನಸ್ಸನ್ನೇ ಜಾಸ್ತಿ ನೋಡುತ್ತಿದ್ದೀರಾ ಅನ್ನಿಸಿತು. ಫೀಸು ಸಿಗದ ಮಗುವಿನ ಮನೆಗೆ ಒಮ್ಮೆ ಹೋಗಿಬನ್ನಿ.

ಚಿಕ್ಕಪೇಟೆ

ನರ್ಸ್ ಸಿಸ್ಟರ್ ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆದರೂ ನನ್ನ ಮಾತು ಬಿಡುವುದಿಲ್ಲ. ಲೆಕ್ಕ ಗೊತ್ತಿರುವವನು ಖಜಾಂಚಿ ಆಗಲೇಬೇಕು. ಒಳ್ಳೆಯವರು ಹಿಂದೆ ಸರಿದರೆ ಆ ಕುರ್ಚಿ ಖಾಲಿ ಇರುವುದಿಲ್ಲ, ದಿಯೊತ್ರೇಫನಂಥವರು ಬಂದು ಕೂರುತ್ತಾರೆ. ಯೋಹಾನನ ಮೂರನೇ ಪತ್ರದಲ್ಲಿ ಬರುವವನು, ಎಲ್ಲದರಲ್ಲೂ ತಾನೇ ಮುಂದಿರಬೇಕು ಎನ್ನುವವನು, ಬಂದ ಸಹೋದರರನ್ನು ಸೇರಿಸಿಕೊಳ್ಳದವನು, ಸೇರಿಸಿಕೊಳ್ಳಬೇಕೆಂದವರನ್ನೂ ಸಭೆಯಿಂದ ಹೊರಗೆ ಹಾಕಿದವನು.

ಹಳೇ ಕಾರ್ಯದರ್ಶಿ, ಧಾರವಾಡ

ಇದು ನಿಜ. ಕಂಕನಾಡಿಯವರ ಪಾಳಿಯೂ ನಿಜ. ಎರಡನ್ನೂ ಕೂಡಿಸಿ ಹೇಳುತ್ತೇನೆ. ಯಾರೇ ಆಗಲಿ ಒಂದು ಅವಧಿ, ಹೆಚ್ಚೆಂದರೆ ಎರಡು. ಆಮೇಲೆ ಇಳಿಯಬೇಕು. ಇಳಿಯುವ ಮೊದಲು ಇನ್ನೊಬ್ಬರಿಗೆ ಕೆಲಸ ಕಲಿಸಿರಬೇಕು. ಬಿಟ್ಟ ಮೇಲೆ ಬೆಂಚಿನಲ್ಲಿ ಎಲ್ಲರ ಜೊತೆ ಕೂರಬೇಕು, ಹೊಸಬರ ತಪ್ಪು ಹುಡುಕುತ್ತಾ ತಿರುಗಬಾರದು. ಇದು ನಿಲ್ಲುವುದಕ್ಕಿಂತ ಕಷ್ಟ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ.

ನರ್ಸ್ ಸಿಸ್ಟರ್ ಹೇಳಿದ ಹಾಗೆ ಎರಡು ಮನೆಗೆ ಹೋಗಿ ಬಂದೆ. ಒಂದು ಮನೆಯಲ್ಲಿ ತಾಯಿ ಬೀಡಿ ಕಟ್ಟುತ್ತಾರೆ. ಜೂನಿನಲ್ಲಿ ಫೀಸು ಕಟ್ಟಲು ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು, ಸಭೆಯ ದುಡ್ಡು ಬಂದ ಮೇಲೆ ತೀರಿಸುತ್ತಾರಂತೆ. ಮಧ್ಯದ ಬಡ್ಡಿ ಅವರದ್ದೇ. ಇದು ಕಮಿಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರ್ಜಿಗೆ ಮೂರು ಸಹಿ ಬೇಕು, ಸಹಿ ಹಾಕುವವರು ಮೇ ತಿಂಗಳಲ್ಲಿ ಊರಿನಲ್ಲಿರುವುದಿಲ್ಲ. ತಡ ಆಗುತ್ತಿರುವುದು ಇಷ್ಟಕ್ಕೇ.

ಹಾಲಿ ಖಜಾಂಚಿಯವರ ಜೊತೆ ಕೂತು ಇದನ್ನು ಹೇಳಿದೆ. ಏಪ್ರಿಲಿನಲ್ಲೇ ಅರ್ಜಿ ತೆಗೆದುಕೊಳ್ಳಲು ಅವರು ಒಪ್ಪಿದ್ದಾರೆ. ಪಟ್ಟಿ, ಬ್ಯಾಂಕ್ ವಿವರ ನಾನು ಸಿದ್ಧಮಾಡಿ ಕೊಡುತ್ತೇನೆ. ಅವರು ಈ ಸಲವೂ ನಿಲ್ಲುತ್ತಾರಂತೆ. ಅವರ ಎದುರು ನಾನು ನಿಲ್ಲುವುದಿಲ್ಲ ಎಂದು, ನನಗೆ ನಿಂತುಕೋ ಎಂದಿದ್ದವರಿಗೆ ತಿಳಿಸಿದ್ದೇನೆ. ಚಿಕ್ಕಪೇಟೆ ಬ್ರದರ್‌ಗೆ ಬೇಸರ ಆಗಬಹುದು, ಕ್ಷಮಿಸಿ. ಅವರು ಬಿಟ್ಟ ವರ್ಷ ಕೇಳಿದರೆ ಖಂಡಿತ ನಿಲ್ಲುತ್ತೇನೆ.

ಹಂಡೆ ಪಾತ್ರೆ ಅಕ್ಕಾ, ಸುಗ್ಗಿ ಹಬ್ಬದ ಅಡುಗೆ ಪಾಳಿಯ ವಿಷಯವನ್ನು ನಾವು ಗಂಡಸರೇ ವಾರ್ಷಿಕ ಸಭೆಯಲ್ಲಿ ಎತ್ತಬೇಕು ಅಂತಿದ್ದೇವೆ. ಒಟ್ಟು ಎಷ್ಟು ಜನ ಬೇಕಾಗುತ್ತಾರೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಸ್ವಲ್ಪ ಬರೆಯುತ್ತೀರಾ?

ಹಂಡೆ ಪಾತ್ರೆ

ಇನ್ನೂರು ಜನರ ಊಟಕ್ಕೆ ಹತ್ತು ಜನ ಇದ್ದರೆ ಸಾಕು. ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿಟ್ಟುಕೊಳ್ಳಬೇಕು, ಅದಕ್ಕೆ ಆರು ಜನ. ಒಲೆ ಹಚ್ಚುವುದು ಬೆಳಿಗ್ಗೆ ಐದಕ್ಕೆ. ಬಡಿಸುವುದಕ್ಕೆ ಎಲ್ಲರೂ ಬರುತ್ತಾರೆ, ಅದರ ಚಿಂತೆ ಇಲ್ಲ. ಊಟ ಆದಮೇಲೆ ಹಂಡೆ ಉಜ್ಜುವುದಕ್ಕೆ ನಾಲ್ಕು ಜನರ ಹೆಸರು ಮೊದಲೇ ಬರೆದುಕೊಳ್ಳಿ. ಹಳೇ ಬಟ್ಟೆ ಹಾಕಿಕೊಂಡು ಬರಲು ಹೇಳಿ.